ಬಾಡಿಗೆಗೆ ಕೊಟ್ಟ ಹೂಗಳು

ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡಿಯ ನಮಸ್ಕಾರಗಳು. ನಾನು ಕ್ಷೇಮ, ನೀನು, ಭಾವ, ಪುಟ್ಟಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನಗಳಾದವು. ಉತ್ತರ ತಡವಾದದ್ದಕ್ಕೆ ನನ್ನನ್ನು ಬೈಯಬೇಡ. ಬೈಯಲೇಬೇಕೆಂದಿದ್ದರೆ ನಿನ್ನ ಗಂಡನನ್ನು ಬೈ. ಪರದೆಯ ಮಿಲ್ಲಿನಿಂದಲೂ ನೋಟ್‌ಬುಕ್ಕಿನ ರಟ್ಟು ಮಾಡುವವರಿಂದಲೂ ಒಟ್ಟೊಟ್ಟಿಗೆ ಕೆಲಸ ಹೊತ್ತು ತಂದು ನನ್ನ ಮೇಜಿನ ಮೇಲೆ ಸುರಿದವರು ಅವರೇ. ಮೇಜೆಂದರೆ ನಿನಗೆ ಗೊತ್ತಲ್ಲ, ಎರಡು ಸ್ಟ್ಯಾಂಡುಗಳ ಮೇಲೆ ಮಲಗಿಸಿದ ಅದೇ ಹಳೆಯ ಬಾಗಿಲು. ಅದರ ಚಿಲಕ ಇನ್ನೂ ನನ್ನ ಮೊಣಕೈಗೆ ತಾಗುತ್ತದೆ. ಕೆಳಗಿನ ಸೈಕಲ್ ರಿಪೇರಿ ಅಂಗಡಿಯವರು ರಬ್ಬರು ಅಂಟಿಸುವಾಗಲೆಲ್ಲ ನನ್ನ ಹಳದಿ ಬಣ್ಣಕ್ಕೂ ಪಂಚರಿನ ವಾಸನೆ ಹತ್ತುತ್ತದೆ.

ಹೋದ ವಾರ ಒಂದು ವಿಶೇಷ ನಡೆಯಿತು. ಕೊನೆಯ ವರ್ಷದ ವಿದ್ಯಾರ್ಥಿಗಳ ಜೊತೆ ಮಾತನಾಡಲು ನಮ್ಮ ಕಾಲೇಜಿನವರು ನನ್ನನ್ನು ಕರೆದಿದ್ದರು. ವಿನ್ಯಾಸಕಾರರು ತಮ್ಮ ಕಲೆಯಿಂದಲೇ ಲಾಭದ ವ್ಯವಹಾರ ಕಟ್ಟುವುದು ಹೇಗೆ ಎಂಬುದು ವಿಷಯ. ಪರೀಕ್ಷೆಯ ಫಲಿತಾಂಶದ ದಿನ ನನ್ನ ಹೆಸರನ್ನು ಮೊದಲ ಸ್ಥಾನದಲ್ಲಿ ಓದಿದ ಅದೇ ಸಭಾಂಗಣ. ಹಿಂದಿನ ಸಾಲಿನ ಕುರ್ಚಿಗಳು ಈಗಲೂ ಕಿರುಗುಟ್ಟುತ್ತವೆ. ಆ ಸದ್ದು ನಿಲ್ಲುವವರೆಗೂ ಕಾದು ನಿಂತು ಆಮೇಲೆ ಮಾತು ಶುರುಮಾಡಿದೆ. ಬಿಂಕವೆಂದು ನೀನು ನಗುತ್ತೀಯೆ. ಇರಲಿ, ಬಿಂಕವೇ.

ಮೊದಲು ನನ್ನ ಗಸಗಸೆ ಹೂವಿನ ಕಥೆ ಹೇಳಿದೆ. ಓದುತ್ತಿದ್ದಾಗಲೇ ಬರೆದ ಆ ಚಿತ್ರವನ್ನು ಪರದೆ ವ್ಯಾಪಾರಿಯೊಬ್ಬರಿಗೆ ಒಂದೇ ಸಲಕ್ಕೆ ಮಾರಿಬಿಟ್ಟೆನಲ್ಲ, ಆಮೇಲೆ ಅದು ಹಲ್ಲಿನ ವೈದ್ಯರ ಕಿಟಕಿಯಲ್ಲಿ, ಬಸ್ಸಿನ ಸೀಟಿನಲ್ಲಿ, ಪಕ್ಕದ ಮನೆಯವರ ಇಸ್ತ್ರಿ ಹಲಗೆಯ ಮೇಲೆ, ಕೊನೆಗೆ ಯಾರದೋ ಕೊಡೆಯ ಮೇಲೂ ಕಾಣಿಸಿಕೊಂಡಿತಲ್ಲ, ಆ ಕಥೆ. "ನಿನ್ನ ಹೂವಿಗೆ ಕಾಲು ಬಂತು ಕಣೇ, ನಿನಗೆ ಮಾತ್ರ ಚಪ್ಪಲಿ ಬರ್ಲಿಲ್ಲ" ಎಂದು ನೀನು ಆಗ ಅಂದದ್ದನ್ನೂ ಹೇಳಿದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಟೆಗಿಷ್ಟು ಎಂದು ಬೆಲೆ ಕಟ್ಟಿದರೆ ಕೈ ಪಳಗಿದಷ್ಟೂ ಗಳಿಕೆ ಇಳಿಯುತ್ತದೆ, ಅದು ಜಾಣತನಕ್ಕೆ ಹಾಕುವ ದಂಡ ಎಂದೆ. ಚಿತ್ರವನ್ನು ಮಾರಬೇಡಿ, ಇಂಥ ವಸ್ತುವಿನ ಮೇಲೆ, ಇಷ್ಟು ಕಾಲ ಅಚ್ಚು ಹಾಕಿಕೊಳ್ಳುವ ಅನುಮತಿಯನ್ನು ಮಾತ್ರ ಬಾಡಿಗೆಗೆ ಕೊಡಿ ಎಂದೆ. ಒಂದೇ ಹೂವು ಪರದೆಯ ಮಿಲ್ಲಿಗೂ ಬಾಡಿಗೆಗೆ ಹೋಗಬಹುದು, ರಟ್ಟಿನ ಅಂಗಡಿಗೂ ಹೋಗಬಹುದು, ತಟ್ಟೆ ಮಾಡುವವರ ಬಳಿಗೂ ಹೋಗಬಹುದು. ಮನೆ ಮಾತ್ರ ನಮ್ಮದೇ ಆಗಿ ಉಳಿಯುತ್ತದೆ.

ಈ ಮಾತು ಅಡುಗೆಮನೆಯಲ್ಲಿ ನೀನು ಪಾತ್ರೆ ತೊಳೆಯುತ್ತಾ ಹೇಳಿದ್ದು. "ಮನೆ ಕಟ್ಟಿದೋರೆಲ್ಲಾ ಮಾರ್ತಾರೇನೇ? ಬಾಡಿಗೆಗೆ ಕೊಡೋರಿಲ್ವಾ? ಹೂವನ್ನೂ ಹಾಗೇ ಕೊಡು" ಅಂದಿದ್ದೆ. ಸಭೆಯಲ್ಲಿ ಅದನ್ನು ನಾನು ಕಂಡುಕೊಂಡ ನಿಯಮವೆಂದೇ ಹೇಳಿದೆ. ಪಾತ್ರೆ, ಸೋಪಿನ ನೊರೆ ಎಂದೆಲ್ಲ ಬಿಡಿಸಿ ಹೇಳಿದ್ದರೆ ಪಾಠದ ಗಾಂಭೀರ್ಯ ಹೋಗುತ್ತಿತ್ತು. ನೀನೇನೂ ತಪ್ಪು ತಿಳಿಯುವವಳಲ್ಲ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ವ್ಯಾಪಾರಕ್ಕೆ ಇಳಿದ್ರೆ ಕಲೆ ಕೆಡಲ್ವಾ?" ಎಂದಳು. "ಹಸಿದ ಕೈ ನಡುಗುತ್ತಮ್ಮಾ. ನಡುಗೋ ಕೈಲಿ ಗೆರೆ ನೆಟ್ಟಗೆ ಬರುತ್ತಾ?" ಎಂದೆ. ಚಪ್ಪಾಳೆ ಬಿತ್ತು.

ನಮ್ಮ ಕಸುಬಿನ ಕಟ್ಟಳೆಯನ್ನೂ ವಿವರಿಸಿದೆ. ಬಾಡಿಗೆಗೆ ಕೊಡುವಾಗ ಬಣ್ಣದ ಪ್ರತಿಯನ್ನಷ್ಟೇ ಕೊಡಬೇಕು. ಕೈಯಿಂದ ಬರೆದ ಮೂಲ ಹಾಳೆ ಮನೆ ಬಿಟ್ಟು ಹೊರಡಬಾರದು. ಮೂಲ ಹಾಳೆಯನ್ನು ಕೊಟ್ಟರೆ ಚಿತ್ರವನ್ನು ಶಾಶ್ವತವಾಗಿ ಕೊಟ್ಟಂತೆ. ಆಮೇಲೆ ಯಾವ ಮಿಲ್ಲಿನವರೂ ಮರುಮಾತು ಕೇಳುವುದಿಲ್ಲ, ಯಾವ ವಿನ್ಯಾಸಕಾರರೂ ಬಾಯಿ ತೆರೆಯುವುದಿಲ್ಲ. "ನಿಮ್ಮ ಮೂಲ ಹಾಳೆಗಳು ಎಲ್ಲಿವೆ ಮೇಡಂ?" ಎಂದು ಅದೇ ಹುಡುಗಿ ಕೇಳಿದಳು. "ಲೋಕದಲ್ಲೇ ಅತ್ಯಂತ ಭದ್ರವಾದ ಜಾಗದಲ್ಲಿ" ಎಂದೆ. ನನ್ನ ಕೋಣೆಯ ಗೋಡೆ ಒಸರುತ್ತದೆಯಾದ್ದರಿಂದ ಅವು ನಿನ್ನ ಬೀರುವಿನಲ್ಲಿ ಮಲಗಿವೆಯೆಂದು ಬಿಡಿಸಿ ಹೇಳಲಿಲ್ಲ. ಅಂದ ಹಾಗೆ, ಅವುಗಳನ್ನು ಎಂದೂ ಕಟ್ಟಬೇಡ ಅಕ್ಕ. ರಿಬ್ಬನ್ ಒತ್ತಿದ ಕಡೆ ಕಾಗದ ತಗ್ಗುತ್ತದೆ, ಬಣ್ಣ ಬಿರುಕು ಬಿಡುತ್ತದೆ. ಚಪ್ಪಟೆಯಾಗಿ, ನಡುವೆ ತೆಳುಕಾಗದ ಹಾಕಿ ಮಲಗಿಸಿರು. ನಿನ್ನ ಆ ರಿಬ್ಬನ್ನಿನ ಗಂಟು ಪ್ರತಿಗಳ ಕಂತೆಗೆ ಮಾತ್ರ.

ಆ ಗಂಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಮೊನ್ನೆ ನೀನು ಕಟ್ಟಿ ಕಳುಹಿಸಿದ ಪ್ರತಿಗಳ ಕಂತೆಯನ್ನು ಬಿಚ್ಚುವ ಮೊದಲು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ. ಎಡಗೈಯಿಂದ ಸುತ್ತಿ, ಎರಡೂ ತುದಿಗಳನ್ನು ಬಸವನಹುಳುವಿನಂತೆ ಒಳಗೆ ಮುದುರಿಸಿ ಅದು ಹೇಗೆ ಕಟ್ಟುತ್ತೀಯೆ? ಎಷ್ಟು ಎಳೆದಾಡಿದರೂ ಜಗ್ಗದು, ಸರಿಯಾದ ತುದಿ ಹಿಡಿದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಭಾವ ಕತ್ತರಿ ಹುಡುಕುತ್ತಾರೆ. ನಾನು ಎಲ್ಲ ಪರೀಕ್ಷೆಗಳಲ್ಲೂ ಮೊದಲು ಬಂದವಳು. ಇದೊಂದು ಮಾತ್ರ ಇಂದಿಗೂ ನನ್ನ ಕೈಗೆ ಒಗ್ಗಿಲ್ಲ.

ನಮ್ಮ ವ್ಯವಹಾರಕ್ಕೊಂದು ಬೋರ್ಡು ಬರೆಯುವವರು ಬಂದಿದ್ದರು. ಏನು ಬರೆಯಬೇಕೆಂದು ಅವರು ಕೇಳಿದಾಗ ಭಾವ ಅಲ್ಲೇ ಇದ್ದರು. "ಅಕ್ಕ ತಂಗಿ ಇಬ್ರ ಹೆಸರೂ ಹಾಕಿಸಮ್ಮಾ, ಫಸ್ಟ್ ರ‍್ಯಾಂಕು. ಹೂಗಳಿಗೆ ಆ ನೀಲಿ ಹಿನ್ನೆಲೆ ಅವಳು ಹೇಳಿದ್ದು ತಾನೆ?" ಎಂದರು. "ಯಾರ ಕೈ ಬರೆಯುತ್ತೋ ಅವರ ಹೆಸರು ಭಾವ" ಎಂದು ನನ್ನ ಹೆಸರೊಂದನ್ನೇ ಬರೆಸಿದೆ. ಅಕ್ಷರಗಳು ಬಹಳ ಚೆನ್ನಾಗಿ ಬಂದಿವೆ; ಬಂದಾಗ ನೋಡುವೆಯಂತೆ. ಮಿಲ್ಲುಗಳ ಬೆಂಚಿನ ಮೇಲೆ ಕಾಯುತ್ತಾ ಕೂರುವುದು ನನ್ನಿಂದಾಗದು. ಆದ್ದರಿಂದ ನನ್ನ ಪರವಾಗಿ ಮಾತನಾಡುವುದಕ್ಕೂ ಸಹಿ ಹಾಕುವುದಕ್ಕೂ ಭಾವನಿಗೆ ಅಧಿಕಾರ ಬರೆದುಕೊಟ್ಟಿದ್ದೇನೆ. ಅವರ ನಾಲಿಗೆ, ನನ್ನ ಕೈ, ನಿನ್ನ ಬೀರು: ವ್ಯವಹಾರಕ್ಕೆ ಇನ್ನೇನು ಬೇಕು?

ಪುಟ್ಟಿ ಪೆನ್ಸಿಲು ಹಿಡಿಯತೊಡಗಿದಳೆಂದು ನೀನು ಬರೆದಿದ್ದೆ. ಯಾವ ಕೈಯಲ್ಲಿ? ಅದನ್ನು ಬರೆಯಲೇ ಇಲ್ಲ. ಅವಳ ಎರಡೂ ಕೈಗಳಿಗೆ ಚಿಕ್ಕಮ್ಮನ ಮುತ್ತು.

ನಿನ್ನ
ಮೊಂಡಿ

ತಾ.ಕ.: ಆ ಗಂಟನ್ನು ಹಂತ ಹಂತವಾಗಿ ಚಿತ್ರ ಬರೆದು ಕಳುಹಿಸು. ನಿನಗೆ ಚಿತ್ರ ಬರೆಯಲು ಬರುವುದಿಲ್ಲವೆಂದು ನೆಪ ಹೇಳಬೇಡ.


ಜುಲೈ ೨೬, ಶುಕ್ರವಾರ

ಅಕ್ಕನಿಗೆ,

ನಮಸ್ಕಾರಗಳು. ನೀನು ಮತ್ತೆ ಮತ್ತೆ ಫೋನು ಮಾಡಿದೆ, ನಾನು ಎತ್ತಲಿಲ್ಲ. ಕ್ಷಮಿಸು. ಈಚೆಗೆ ಫೋನಿನಲ್ಲಿ ನನ್ನ ದನಿ ನನ್ನ ಮಾತು ಕೇಳುವುದಿಲ್ಲ. ಕಾಗದದ ಮೇಲಾದರೆ ವಾಕ್ಯಗಳನ್ನು ಸಾಲಾಗಿ ನಿಲ್ಲಿಸಬಹುದು, ಬೇಡವಾದದ್ದನ್ನು ಹೊಡೆದುಹಾಕಬಹುದು. ಇನ್ನೊಂದು ತಪ್ಪಿಗೂ ಕ್ಷಮೆ ಕೇಳಬೇಕು. ಕಳೆದ ತಿಂಗಳು ನಿಮ್ಮ ಊರಿಗೆ ಬಂದಿದ್ದೆ. ಮನೆಗೆ ಬರಲಿಲ್ಲ. ನಿಮ್ಮ ಬೀದಿಯ ತಿರುವಿನವರೆಗೆ ಬಂದು, ಮಹಡಿಯಲ್ಲಿ ಒಣಹಾಕಿದ ಪುಟ್ಟಿಯ ಹಳದಿ ಫ್ರಾಕನ್ನು ನೋಡಿ ಹಿಂದಿರುಗಿದೆ.

ಇಲ್ಲಿ ಎಲ್ಲವೂ ಎಂದಿನಂತಿದೆ. ಸೈಕಲ್ ಅಂಗಡಿಯವರು ಗಾಳಿ ಹಾಕುವ ಹೊಸ ಯಂತ್ರ ತಂದಿದ್ದಾರೆ. ಅದು ಚಾಲೂ ಆದಾಗ ನನ್ನ ಬಣ್ಣದ ಬಟ್ಟಲುಗಳೆಲ್ಲ ಗಡಗಡ ನಡುಗುತ್ತವೆ. ಕುಂಚ ಎತ್ತಿ ಹಿಡಿದು, ಯಂತ್ರ ನಿಲ್ಲುವವರೆಗೆ ಕಾಯುತ್ತೇನೆ. ಕಾಯುವುದನ್ನು ಈಗೀಗ ಕಲಿತಿದ್ದೇನೆ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಭಾವ ನಿನಗೆ ಬೇರೆ ರೀತಿ ಹೇಳಿರಬಹುದು.

ರಟ್ಟಿನ ಅಂಗಡಿಯವರು ಒಂದು ಬೆಳಿಗ್ಗೆ ತಾವೇ ನನ್ನ ಕೋಣೆಗೆ ಹತ್ತಿ ಬಂದರು. ಆ ಮೆಟ್ಟಿಲು ಅವರ ಮೈಭಾರಕ್ಕೆ ಹೇಳಿಮಾಡಿಸಿದ್ದಲ್ಲ. ಏದುಸಿರು ಬಿಡುತ್ತಾ, "ಏನಮ್ಮಾ, ಹೇಳದೇ ಕೇಳದೇ ಎಲ್ಲಾ ಹೂವೂ ಮಾರ್ಬಿಟ್ಟೆಯಂತೆ? ನಾವಿನ್ನು ಅಚ್ಚು ಹಾಕೋ ಹಾಗಿಲ್ಲ ಅಂತ ಪರದೆ ಮಿಲ್ಲಿನೋರು ಹೇಳಿಕಳ್ಸಿದ್ದಾರೆ. ನನಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದರು. ನಾನು ನಕ್ಕೆ. "ಯಾರೋ ನಿಮ್ಮ ಕಿವಿಗೆ ಹೂ ಇಟ್ಟಿದ್ದಾರೆ ಸಾರ್. ಮೂಲ ಹಾಳೆಗಳೆಲ್ಲಾ ನಮ್ಮಕ್ಕನ ಬೀರುವಿನಲ್ಲಿವೆ" ಎಂದೆ. ಅವರು ನಗಲಿಲ್ಲ. "ಹಾಗಾದ್ರೆ ಒಂದ್ಸಲ ಬೀರು ತೆಗ್ದು ನೋಡಮ್ಮಾ" ಎಂದಷ್ಟೇ ಹೇಳಿ, ಕಂಬಿ ಹಿಡಿದುಕೊಂಡು ಮೆಲ್ಲಗೆ ಇಳಿದು ಹೋದರು.

ಭಾವನಿಗೆ ಫೋನು ಮಾಡಿದೆ. "ಬಸ್ಸಲ್ಲಿದ್ದೀನಮ್ಮಾ, ಏನೂ ಕೇಳಿಸ್ತಿಲ್ಲ" ಎಂದರು. ಅವರ ಹಿಂದೆ ಬಸ್ಸಿನ ಸದ್ದೇ ಇರಲಿಲ್ಲ. ಪುಟ್ಟಿ ಏನನ್ನೋ ಹಾಡುತ್ತಿದ್ದಳು.

ಮರುದಿನ ನಿಮ್ಮ ಊರಿನ ಮಿಲ್ಲಿಗೆ ಹೋದೆ. ಯಾವ ಬೆಂಚಿನ ಮೇಲೆ ಕೂರಲಾರೆನೆಂದು ಭಾವನಿಗೆ ಅಧಿಕಾರ ಕೊಟ್ಟಿದ್ದೆನೋ ಅದೇ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತೆ. ಮ್ಯಾನೇಜರರ ಕೋಣೆಗೆ ಗಾಜಿನ ಗೋಡೆ. ಆಚೆ ಮಗ್ಗಗಳು ಓಡುತ್ತಿದ್ದವು; ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಮ್ಯಾನೇಜರು ಒರಟರಲ್ಲ. ಎದ್ದು ನಿಂತು ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ನೀವು ಇಷ್ಟು ಚಿಕ್ಕೋರು ಅಂತ ಗೊತ್ತಿರ್ಲಿಲ್ಲ. ನಿಮ್ಮ ಗಸಗಸೆ ನಮ್ಮ ಮನೆ ಹಾಲ್ ಕಿಟಕಿಲೂ ನೇತಾಡ್ತಿದೆ" ಎಂದರು. ನಾನು ವಿಷಯಕ್ಕೆ ಬಂದೆ. ಅವರು ಪಕ್ಕದ ಕಪಾಟಿನಿಂದ ಒಂದು ದೊಡ್ಡ ಕಂತೆಯನ್ನು ತಂದು ನನ್ನ ಮುಂದಿಟ್ಟರು. ಬಿಚ್ಚಿ ನೋಡಿದೆ. ಪ್ರತಿಗಳಲ್ಲ. ಹಳದಿ ಚೆಲ್ಲಿದ್ದ ಮೂಲೆ, ಒರೆಸಿದರೂ ಉಳಿದಿದ್ದ ಪೆನ್ಸಿಲಿನ ಗೀಟು, ಹಿಂಬದಿಯಲ್ಲಿ ನನ್ನ ಹೆಬ್ಬೆರಳಿನ ನೀಲಿ ಗುರುತು. ಒಂದೂ ಬಿಡದೆ ಎಲ್ಲ ಮೂಲ ಹಾಳೆಗಳೂ ಅಲ್ಲಿದ್ದವು.

"ನಿಮ್ಮ ಭಾವನವರೇ ತಂದುಕೊಟ್ಟು ಸಹಿ ಹಾಕಿದ್ರು. ಸಹಿ ಹಾಕೋಕೆ ನೀವೇ ಅಧಿಕಾರ ಕೊಟ್ಟಿದ್ದೀರಲ್ಲ? ಮೂಲ ಹಾಳೆನೇ ಕೈಗೆ ಬಂದ್ಮೇಲೆ ನಾವು ಇನ್ನೇನು ಕೇಳೋದು, ಹೇಳಿ?"

ಅದೇ ಕಟ್ಟಳೆಯನ್ನು ನಾನು ಸಭಾಂಗಣದಲ್ಲಿ ನಿಂತು ಕಲಿಸಿದವಳು.

ನನ್ನ ಮುಖ ನೋಡಿ ಅವರಿಗೆ ಮರುಕ ಬಂದಿರಬೇಕು. "ನಮ್ಮಲ್ಲೇ ಕೆಲಸಕ್ಕೆ ಬನ್ನಿ. ಈ ಹೂಗಳನ್ನೇ ಸ್ವಲ್ಪ ಆ ಕಡೆ ಈ ಕಡೆ ಮಾಡಿ ಬರ್ಕೊಡಿ. ತಿಂಗಳ ಸಂಬಳ, ಫ್ಯಾನು, ಒಳ್ಳೆ ಮೇಜು" ಎಂದರು.

"ನನ್ನ ಹೂವಿಗೆ ನಾನೇ ಕೂಲಿಯಾಳೇ?" ಎಂದೆ.

"ಕೂಲಿ ಯಾಕಮ್ಮಾ? ಡಿಸೈನರ್ ಅಂತ ಮೇಜಿನ ಮೇಲೆ ಹೆಸರು ಇಡ್ಸೋಣ."

ಹೆಸರಿನ ಆಸೆ ನನಗೆ ಬಹಳವೆಂದು ಅವರಿಗೆ ಯಾರು ಹೇಳಿದ್ದರೋ ತಿಳಿಯದು. ಬೇಡವೆಂದು ಕೈಮುಗಿದು ಹೊರಟೆ.

ಭಾವ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಸಿಕ್ಕರು. ಮಿಲ್ಲಿನವರೇ ಫೋನು ಮಾಡಿ ತಿಳಿಸಿದ್ದರಂತೆ, ಓಡಿಬಂದಿದ್ದರು. ಅಂಗಿಯ ಗುಂಡಿ ಒಂದಕ್ಕೊಂದು ಹೊಂದದೆ ಏರುಪೇರಾಗಿತ್ತು. ನಾನು ಕೂಗಾಡುವೆನೆಂದು ಹೆದರಿದ್ದರೇನೋ, ಮೊದಲೇ ದನಿ ತಗ್ಗಿಸಿದರು.

"ನೋಡಮ್ಮಾ, ಬಾಡಿಗೆ ಬಾಡಿಗೆ ಅಂತ ಕೂತ್ರೆ ನಾವೆಲ್ಲಾ ಮುದುಕರಾಗ್ತೀವಿ. ಒಂದೇ ಸಲಕ್ಕೆ ಕೈತುಂಬಾ ಬಂತು. ನಿನ್ನ ಪಾಲು ತೆಗೆದಿಟ್ಟಿದ್ದೀನಿ, ಮೋಸ ಎಲ್ಲಿ ಬಂತು?"

"ನನ್ನ ಒಂದು ಮಾತು ಕೇಳಿದ್ರಾ ಭಾವ?"

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಮತ್ತೆ?" ಎಂದರು. ತಮ್ಮ ತರ್ಕ ತಮಗೇ ಹಿಡಿಸಿದವರಂತೆ ಒಮ್ಮೆ ನಕ್ಕು, ತಕ್ಷಣ ನಗು ನಿಲ್ಲಿಸಿದರು. "ಹೂವು ಇನ್ನೂ ಬರ್ಕೊಳ್ಳಮ್ಮಾ. ನಿನ್ನ ಕೈ ಎಲ್ಲಿ ಹೋಗುತ್ತೆ? ಅಷ್ಟಕ್ಕೂ ಮೂರು ಜನ ದುಡಿದಿದ್ದಕ್ಕೆ ಬೋರ್ಡಲ್ಲಿ ಒಂದೇ ಹೆಸರು. ನಾನು ಬಿಡು, ಪೆಟ್ಟಿಗೆ ಹೊರೋನು. ನಿನ್ನಕ್ಕನ ಹೆಸರು ಎಲ್ಲಿದೆ ಅದರಲ್ಲಿ?"

ಅವರ ಎಲ್ಲ ಮಾತಿಗೂ ನನ್ನಲ್ಲಿ ಉತ್ತರವಿತ್ತು. ಆದರೆ ಒಂದನ್ನೇ ಕೇಳಿದೆ: "ಅಕ್ಕನಿಗೆ ಇದು ಗೊತ್ತಾ?"

ಭಾವ ಟೀ ಲೋಟ ಎತ್ತಿ, ಅದರಡಿಯ ಒದ್ದೆ ಉಂಗುರವನ್ನು ಬೆರಳಿನಿಂದ ಒರೆಸಿದರು. ಮತ್ತೊಮ್ಮೆ ಒರೆಸಿದರು. "ಅವಳಿಗೇನು ಗೊತ್ತು, ಪಾಪ. ಅವಳು ಅಂಗಡಿಗೆ ಹೋಗಿದ್ದಾಗ ನಾನೇ ಬೀರು ತೆಗೆದು ತಂದೆ" ಎಂದರು.

ಸರಿ ಎಂದೆ. ಆ ಮಾತನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡವಳಂತೆ ಬಸ್ಸು ಹತ್ತಿದೆ.

ಅಕ್ಕ, ಭಾವ ಹೇಳುವಂತೆ ನನ್ನ ಕೈ ಎಲ್ಲಿಗೂ ಹೋಗಿಲ್ಲ. ಕಷ್ಟ ಅಲ್ಲೇ ಇರುವುದು. ನನ್ನ ಹೂಗಳ ಕಾಂಡ ಬಾಗುವ ಆ ಒಂದು ಬಾಗು ಇನ್ನು ನನ್ನದಲ್ಲ. ಅದನ್ನು ಮತ್ತೆ ಬರೆದರೆ ನಾನು ಮಿಲ್ಲಿನವರ ಸೊತ್ತನ್ನು ಕದ್ದಂತೆ. ಕುಂಚ ಎತ್ತಿದರೆ ಕೈ ತಾನಾಗಿಯೇ ಆ ಕಡೆ ಬಾಗುತ್ತದೆ. ನಿಲ್ಲಿಸುತ್ತೇನೆ. ನನ್ನನ್ನು ನಾನೇ ನಕಲು ಮಾಡದಂತೆ ದಿನವಿಡೀ ನನ್ನ ಕೈಯನ್ನು ಕಾಯುತ್ತಾ ಕೂರುತ್ತೇನೆ. ಯಾವ ಪರೀಕ್ಷೆಯಲ್ಲೂ ಇಂಥ ಪ್ರಶ್ನೆ ಬಂದಿರಲಿಲ್ಲ.

ಆದರೂ ಕೆಲಸ ನಿಲ್ಲಿಸಿಲ್ಲವೆಂದು ತಿಳಿದರೆ ನಿನಗೆ ಸಂತೋಷವಾದೀತು. ಭಾವ ಕಳುಹಿಸಿದ ಪಾಲನ್ನು ಹಿಂದಿರುಗಿಸಿದ್ದೇನೆ. ಅಧಿಕಾರವನ್ನು ರದ್ದು ಮಾಡಿದ್ದೇನೆ. ಹೂವನ್ನು ಬಿಟ್ಟು ಕಲ್ಲುಗಳನ್ನು ಬರೆಯುತ್ತಿದ್ದೇನೆ. ಹೊಳೆಯ ತಳದಲ್ಲಿ ಇರುತ್ತವಲ್ಲ, ಆ ನುಣುಪಾದ ಉರುಟು ಕಲ್ಲುಗಳು. ಅವುಗಳಿಗೆ ಬಾಗುವ ಕಾಂಡವಿಲ್ಲ. ರಟ್ಟಿನ ಅಂಗಡಿಯವರು ಮೊದಲ ಬಾಡಿಗೆದಾರರಾದರು. ನಾನೇ ಅವರ ಅಂಗಡಿಗೆ ಹೋಗಿ, ಷರತ್ತುಗಳನ್ನು ಗಟ್ಟಿಯಾಗಿ ಓದಿ ಹೇಳಿ, ನನ್ನ ಸಹಿಯನ್ನೇ ಹಾಕಿ ಬಂದೆ. "ಈ ಕಲ್ಲಾದ್ರೂ ಕೊಡೆ ಮೇಲೆ ಹೋಗಿ ಕೂರಲ್ಲ ತಾನೆ?" ಎಂದು ಅವರು ಕೇಳಿದರು. ಬಹಳ ದಿನಗಳ ಮೇಲೆ ನಕ್ಕೆ. ಕಲ್ಲುಗಳ ಮೂಲ ಹಾಳೆಗಳು ನನ್ನ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿವೆ. ಗೋಡೆ ಇನ್ನೂ ಒಸರುತ್ತದೆ. ಪೆಟ್ಟಿಗೆಯನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟಿದ್ದೇನೆ. ಪ್ರತಿದಿನ ತೆಗೆದು ನೋಡುತ್ತೇನೆ.

ಪುಟ್ಟಿಗೆ ನನ್ನ ಆಶೀರ್ವಾದ. ಅವಳು ಯಾವ ಕೈಯಲ್ಲಾದರೂ ಬರೆಯಲಿ, ತಾನು ಬರೆದ ಮೊದಲ ಚಿತ್ರದ ಕೆಳಗೆ ತನ್ನ ಹೆಸರನ್ನು ತಾನೇ ಬರೆಯಲಿ. ನಿನಗೆ ಒಳ್ಳೆಯದಾಗಲಿ ಅಕ್ಕ. ಕಿರಿಯಳು ಹಿರಿಯಳಿಗೆ ಹೀಗೆ ಹೇಳುವ ರೂಢಿ ಇಲ್ಲವೆಂದು ಬಲ್ಲೆ. ಆದರೂ ಬರೆದೆ, ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಭಾವನಿಗೆ ನಮಸ್ಕಾರ ತಿಳಿಸು. ನಿನ್ನನ್ನು ಉಳಿಸಲು ಅವರು ನನಗೊಂದು ಸುಳ್ಳು ಹೇಳಿದರು. ಅವರು ಇದುವರೆಗೆ ಮಾಡಿದ ಕೆಲಸಗಳಲ್ಲೆಲ್ಲ ಅದೇ ಚಂದದ ಕೆಲಸ.

ಇಂತಿ,
ನಿನ್ನ ತಂಗಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಬೇಕೆಂದಿದ್ದೆ, ಆಗಲಿಲ್ಲ. ಮ್ಯಾನೇಜರು ಆ ಕಂತೆಯನ್ನು ನನ್ನ ಮುಂದಿಟ್ಟು ಕತ್ತರಿ ತೆಗೆದುಕೊಂಡರು. "ತಂದ ದಿನದಿಂದ ಇದನ್ನ ಬಿಚ್ಚೋಕೆ ಯಾರಿಗೂ ಆಗಿಲ್ಲಮ್ಮಾ. ಒಂದು ಮೂಲೆ ಎತ್ತಿ ನೋಡಿದ್ದಷ್ಟೇ" ಎಂದರು. ಕತ್ತರಿಸಬೇಡಿ ಎಂದು ತಡೆದು, ಬಸವನಹುಳುವಿನಂತೆ ಮುದುರಿದ್ದ ತುದಿಯೊಂದನ್ನು ನಾನು ಎಳೆದೆ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಭಾವನಿಗೆ ಬೂಟಿನ ಲೇಸು ಕಟ್ಟಿಕೊಡಲೂ ನೀನೇ ಬೇಕು. ರಿಬ್ಬನ್ ಒತ್ತಿ ಬಣ್ಣ ಬಿರುಕು ಬಿಡದಿರಲೆಂದು ನಾಲ್ಕೂ ಅಂಚಿಗೆ ನೀನು ಹತ್ತಿಯ ಬಟ್ಟೆ ಮಡಿಸಿಟ್ಟಿದ್ದೆ. ಪುಟ್ಟಿಯ ಹಳೆಯ ಫ್ರಾಕಿನ ಬಟ್ಟೆ, ನಾನೇ ತಂದುಕೊಟ್ಟಿದ್ದು. ಅಷ್ಟು ಜೋಪಾನವಾಗಿ ಕಟ್ಟಿ ಕೊಟ್ಟುಬಿಟ್ಟೆಯಲ್ಲ, ಅಕ್ಕ. ಗಂಟಿನ ಚಿತ್ರ ಇನ್ನು ಕಳುಹಿಸಬೇಡ. ಹಾಳೆಗಳನ್ನೆಲ್ಲ ನೋಡಿದ ಮೇಲೆ, ಬಟ್ಟೆಯನ್ನು ಇದ್ದ ಹಾಗೆಯೇ ಇಟ್ಟು, ಕಂತೆಯನ್ನು ಅವರ ಮೇಜಿನ ಮೇಲೆಯೇ ಮತ್ತೆ ಕಟ್ಟಿದೆ. ಈ ಸಲ ಬಂತು.